ರ‍್ಯಾಂಪಿಗೆ ಒಡೆದ ಬೂದುಗುಂಬಳಕಾಯಿ

ಹೂಡಿಯಲ್ಲಿ ಮೂರು ತಲೆಮಾರಿನಿಂದ ಇರುವ ಮನೆತನ ನಮ್ಮದು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾನು ಬಾಡಿಗೆ ಬೆಳೆಯುತ್ತಿದ್ದೇನೆ. ನಾಲ್ಕು ಕಟ್ಟಡ ಕಟ್ಟಿಸಿದ್ದೇನೆ, ಒಂದಕ್ಕೂ ಇಂಜಿನಿಯರ್ ಅನ್ನುವವನ ಮುಖ ನೋಡಿದವನಲ್ಲ. ಇಂಥವನಿಗೆ ಒಂದು ರ‍್ಯಾಂಪ್ ಕಟ್ಟಿಸೋದು ಯಾವ ಘನಂದಾರಿ ಕೆಲಸ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ. ತಪ್ಪೆಲ್ಲ ಆಮೇಲೆ ಶುರುವಾಗಿದ್ದು.

ವಿಷಯ ಏನಪ್ಪಾ ಅಂದರೆ, ನನ್ನ ಹೊಸ ಕಟ್ಟಡದ ಕೆಳಮಹಡಿಯನ್ನು ಒಂದು ಕಂಪನಿಯವರು ಹಿಡಿದಿದ್ದರು. ಆಸ್ಪತ್ರೆಗಳ ಕಾಗದಪತ್ರಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವರದು. ನಮ್ಮದೇ ಬೀದಿಯ ಟೈಲರ್ ಕೃಷ್ಣಪ್ಪನ ಮಗಳು ರೂಪಾ ಅಲ್ಲಿ ಇಂಟರ್‌ವ್ಯೂ ಪಾಸಾದಳು. ಬಿ.ಕಾಂ. ಓದಿದ ಹುಡುಗಿ, ಚಿಕ್ಕಂದಿನಿಂದ ವೀಲ್‌ಚೇರಲ್ಲೇ ಓಡಾಟ. ಮಾತು ಮಾತ್ರ ಅವಳಪ್ಪನ ಕತ್ತರಿಗಿಂತ ಹರಿತ. ನನ್ನನ್ನು ದೊಡ್ಡಪ್ಪ ಅಂತಾಳೆ.

ಕಂಪನಿ ಒಂದು ಷರತ್ತು ಹಾಕಿತ್ತು. ಶುಕ್ರವಾರ ಅವರ ಕಡೆಯಿಂದ ಒಬ್ಬರು ಬಂದು, ರೂಪಾ ಯಾರ ಸಹಾಯವೂ ಇಲ್ಲದೆ ಒಳಗೆ ಹೋಗಿ ಹೊರಗೆ ಬರಬಹುದಾ ಅಂತ ನೋಡುತ್ತಾರೆ. ಆಗುತ್ತೆ ಅಂತಾದರೆ ಅಲ್ಲೇ ಸಹಿ, ಸೋಮವಾರದಿಂದ ಕೆಲಸ. ಆಗದಿದ್ದರೆ ಜಿಗಣಿ ಆಫೀಸಿಗೆ ಹೋಗಬೇಕು.

"ಜಿಗಣಿ ಅಂದ್ರೆ ನಂಗೆ ಕೆಲಸ ಇಲ್ಲ ಅಂದಂಗೇ ದೊಡ್ಡಪ್ಪ," ಅಂದಳು ರೂಪಾ. "ಮೂರು ಬಸ್ಸು. ಮೂರರಲ್ಲೂ ನನ್ನ ಯಾರಾದ್ರೂ ಎತ್ಕೊಂಡು ಹತ್ತಿಸ್ಬೇಕು. ಹೋದ ವರ್ಷ ಬಂದಿದ್ದ ಕೆಲಸಾನೂ ಹಿಂಗೇ ಬಿಟ್ಟೆ."

"ಮಗಾ, ಈ ದೊಡ್ಡಪ್ಪ ಇರೋವರೆಗೂ ನೀನು ಜಿಗಣಿಗೆ ಹೋಗಲ್ಲ. ರ‍್ಯಾಂಪ್ ನನಗೆ ಬಿಡು," ಅಂದೆ.

ಅವಳು ಬಿಡಲಿಲ್ಲ. "ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನಿಮ್ಮ ಮುಂಬಾಗಿಲು ಮೂರಡಿ ಎತ್ತರದಲ್ಲಿದೆ. ಅಂದ್ರೆ ಮೂವತ್ತಾರು ಅಡಿ."

ಮೆಟ್ಟಿಲಿಗೂ ರಸ್ತೆಗೂ ನಡುವೆ ಇದ್ದದ್ದು ಒಂಬತ್ತೇ ಅಡಿ. ಉಳಿದ ಜಾಗವನ್ನು ಕಟ್ಟಡ ಕಟ್ಟುವಾಗ ನಾನೇ ನುಂಗಿದ್ದೆ.

"ಒಂಬತ್ತರಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಮ್ಮ. ನೀನೇನು ಅಷ್ಟು ದಪ್ಪ ಇದ್ದೀಯಾ?"

"ದಪ್ಪ ಸಣ್ಣದ ಮಾತಲ್ಲ ದೊಡ್ಡಪ್ಪ, ಅದು ಜಾರುಬಂಡೆ ಆಗುತ್ತೆ. ಅದರ ಬದಲು ಹಿಂದ್ಗಡೆ ಒಂದ್ಸಲ..."

"ನೀನು ಸುಮ್ನಿರು. ಟೆನ್ಷನ್ ತಗೋಬೇಡ," ಅಂತ ಅವಳ ತಲೆ ಸವರಿ ಬಂದುಬಿಟ್ಟೆ. ಅವಳಿಗೆ ತಲೆ ಸವರಿದರೆ ಆಗೋದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಮನೆಯಲ್ಲಿ ನನ್ನ ಹೆಂಡತಿ ಜಯಮ್ಮ ಕೇಳಿದಳು, "ಆ ಹುಡುಗಿ ಏನೋ ಹೇಳ್ತಾ ಇದ್ಲಲ್ಲ, ಕೇಳುಸ್ಕೊಂಡ್ರಾ?"

"ರ‍್ಯಾಂಪ್ ವಿಷಯ ಅವಳಿಗೇನು ಗೊತ್ತು?"

"ಹೌದೌದು. ಇಪ್ಪತ್ತು ವರ್ಷದಿಂದ ವೀಲ್‌ಚೇರಲ್ಲಿ ಓಡಾಡೋಳಿಗೆ ಏನು ಗೊತ್ತು? ಸ್ಕಾರ್ಪಿಯೋದಲ್ಲಿ ಓಡಾಡೋರಿಗೆ ಗೊತ್ತು," ಅಂತ ಅವಳು ಸೊಪ್ಪು ಬಿಡಿಸಲು ಕೂತಳು. ದೊಡ್ಡ ಕೆಲಸಕ್ಕೆ ಕೈ ಹಾಕುವವರು ಇಂಥ ಮಾತಿಗೆಲ್ಲ ಕಿವಿಗೊಡಬಾರದು.

ಮಾರನೇ ದಿನ ಮೇಸ್ತ್ರಿ ವೆಂಕಟಸ್ವಾಮಿ ಬಂದು ಜಾಗ ನೋಡಿ ತಲೆ ಕೆರೆದುಕೊಂಡ. "ಯಜಮಾನ್ರೇ, ಇಂಗೆ ಕಟ್ಟಿದ್ರೆ ಇದುನ್ನ ಆಡು ಮೇಕೇನೇ ಹತ್ಬೇಕು."

"ನೀನು ಕಟ್ಟಯ್ಯ."

"ಆಯ್ತು. ಮೇಲ್ಗಡೆ ಸಿಮೆಂಟು ಒರಟಾಗಿ ಬುಡ್ತೀನಿ. ಜಾರಾಕಿಲ್ಲ."

ಒರಟು ಸಿಮೆಂಟೇ? ಮೊದಲ ದಿನ ಕೆಲಸಕ್ಕೆ ಬರುವ ಮನೆಮಗಳು ಒರಟು ಸಿಮೆಂಟಿನ ಮೇಲೆ ಬರಬೇಕೇ? ನಮ್ಮ ಮನೆಯ ಅಡುಗೆಕಟ್ಟೆಗೆ ಹಾಕಿ ಉಳಿದ ಕಪ್ಪು ಗ್ರಾನೈಟ್ ಇತ್ತು. ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು, ಅಂಥ ಪಾಲಿಶ್. ಅದನ್ನೇ ಹಾಕಿಸಿದೆ. ವೆಂಕಟಸ್ವಾಮಿ ಕೆಲಸ ಮುಗಿಸಿ ಕೈಮುಗಿದು ಹೋದ. ನನಗೆ ಕೈಮುಗಿದನೋ ರ‍್ಯಾಂಪಿಗೋ ತಿಳಿಯಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ನಮ್ಮ ಕಡೆ ಬೋರ್‌ವೆಲ್ ಮೋಟರಿಗೂ ಪೂಜೆ ಮಾಡದೆ ಸ್ವಿಚ್ ಒತ್ತುವುದಿಲ್ಲ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ 'ವಿಕಲಚೇತನರ ಅನುಕೂಲಕ್ಕಾಗಿ ಇಳಿಜಾರು ಪಥದ ಲೋಕಾರ್ಪಣೆ' ಅಂತ ಫ್ಲೆಕ್ಸ್ ಹಾಕಿಸಿದೆ. ಶಾಮಿಯಾನ, ಮೈಕು, ಕೇಸರಿಬಾತು, ನೂರು ಕುರ್ಚಿ. ಫ್ಲೆಕ್ಸಲ್ಲಿ ನನ್ನ ಫೋಟೋ ಆಳೆತ್ತರ ಇತ್ತು. ಸುತ್ತ ನಮ್ಮ ಬಳಗದ ಹನ್ನೊಂದು ಜನ ಕೈಮುಗಿದು ನಿಂತಿದ್ದರು.

ರೂಪಾ ಫ್ಲೆಕ್ಸನ್ನು ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ ನೋಡಿದಳು. "ನಾನೆಲ್ಲಿದ್ದೀನಿ ದೊಡ್ಡಪ್ಪ?"

"ನಿಂದೇ ಫಂಕ್ಷನ್ ಅಲ್ವೇನಮ್ಮ, ಫೋಟೋ ಯಾಕೆ?"

ಅವಳು ಫೋಟೋ ವಿಷಯ ಬಿಟ್ಟು, "ದೊಡ್ಡಪ್ಪ, ಆ ಹಿಂದ್ಗಡೆ ಬೀದೀಲಿ..." ಅಂತ ಶುರುಮಾಡಿದಳು. ಅಷ್ಟರಲ್ಲಿ ಮೈಕಿನವನು ಕರೆದ, ನಾನು ಓಡಿದೆ.

ಕಂಪನಿಯಿಂದ ಅನಿತಾ ಮೇಡಂ ಹತ್ತಕ್ಕೆ ಸರಿಯಾಗಿ ಬಂದರು. ಅಳತೆ ಟೇಪು ಹಿಡಿದುಕೊಂಡು ಸೀದಾ ರ‍್ಯಾಂಪಿನ ಕಡೆ ಹೊರಟವರನ್ನು ತಡೆದು, ಶಾಲು ಹೊದಿಸಿ, ಮುಂದಿನ ಸಾಲಿನಲ್ಲಿ ಕೂರಿಸಿದೆ. ಅಳೆಯೋದು ಪೂಜೆ ಆದಮೇಲೆ ಅಂದೆ.

ಪೂಜೆ ಶಾಸ್ತ್ರೋಕ್ತವಾಗಿ ನಡೆಯಿತು. ರ‍್ಯಾಂಪಿಗೆ ಅರಿಶಿನ ಕುಂಕುಮ ಹಚ್ಚಿದ್ದಾಯಿತು. ಅದರ ನೆತ್ತಿಯ ಮೇಲೆ ತೆಂಗಿನಕಾಯಿ ಒಡೆದದ್ದಾಯಿತು. ದೃಷ್ಟಿ ಆಗಬಾರದಲ್ಲ, ದೊಡ್ಡದೊಂದು ಬೂದುಗುಂಬಳಕಾಯಿಗೆ ಕುಂಕುಮ ತುಂಬಿ, ಕರ್ಪೂರ ಹಚ್ಚಿ, ನೀವಾಳಿಸಿ, ಎತ್ತಿ ಗ್ರಾನೈಟ್ ಮೇಲೆ ಕುಕ್ಕಿದೆ. ನಾಲ್ಕು ಹೋಳಾಯಿತು. ತಿರುಳು, ಬೀಜ, ತೆಂಗಿನಕಾಯಿ ನೀರು, ಕುಂಕುಮ ಎಲ್ಲ ಸೇರಿ ಕಪ್ಪು ಕಲ್ಲಿನ ಮೇಲೆ ಕೆಂಪಗೆ ಇಳಿದು ಬಂತು. ನೋಡಲು ಬಹಳ ಮಂಗಳಕರವಾಗಿತ್ತು.

"ಈಗ ನಮ್ಮ ರೂಪಾ..." ಅಂತ ಮೈಕಲ್ಲಿ ಶುರುಮಾಡಿದೆ.

"ನಾನು ಹತ್ತಲ್ಲ," ಅಂದಳು ರೂಪಾ, ಮೈಕಿಲ್ಲದೆಯೇ ಎಲ್ಲರಿಗೂ ಕೇಳುವ ಹಾಗೆ.

ನೂರು ಜನರ ಮುಂದೆ ನನಗೆ ಮುಖ ಕೆಂಪಾಯಿತು. "ಹಂಗಾದ್ರೆ ನಾನೇ ಹತ್ತಿ ತೋರಿಸ್ತೀನಿ. ನಿನ್ನ ಚೇರ್ ಕೊಡು."

"ಇದು ನನ್ನ ಕಾಲು ದೊಡ್ಡಪ್ಪ. ಕಾಲು ಯಾರಾದ್ರೂ ಸಾಲ ಕೊಡ್ತಾರಾ?"

ಪಕ್ಕದ ಕ್ಲಿನಿಕ್ಕಿನಿಂದ ಹಳೇ ವೀಲ್‌ಚೇರ್ ಒಂದನ್ನು ತರಿಸಿದೆ. ದೃಷ್ಟಿಗೆ ಅಂತ ಎರಡು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟೆ. ರೇಷ್ಮೆ ಪಂಚೆ, ಪೇಟದ ಸಮೇತ ಹತ್ತಿ ಕೂತೆ. ವೆಂಕಟಸ್ವಾಮಿ ಹಿಂದಿನಿಂದ ತಳ್ಳಿದ. ನಿಂಬೆಹಣ್ಣು ಪಚಕ್ ಅಂದವು, ಜನ ಚಪ್ಪಾಳೆ ತಟ್ಟಿದರು. ಮೂರಡಿ ಹತ್ತಿದೆವು. ಐದಡಿ ಹತ್ತಿದೆವು. ನಾನು ಒಂದು ಕೈ ಎತ್ತಿ ಸಭೆಗೆ ಬೀಸಿದೆ.

ಆರನೇ ಅಡಿಯಲ್ಲಿ ವೆಂಕಟಸ್ವಾಮಿಯ ಕಾಲು ಕುಂಬಳದ ತಿರುಳಿನ ಮೇಲೆ ಬಿತ್ತು.

"ಯಜಮಾನ್ರೇ," ಅಂದ ಅವನು, ಬಹಳ ಮೆಲ್ಲಗೆ. ಆಮೇಲೆ ಅವನು ನನ್ನ ಹಿಂದೆ ಇರಲಿಲ್ಲ.

ಹಿಂದುಹಿಂದಕ್ಕೆ ಹೋಗುವಾಗ ಮನುಷ್ಯನಿಗೆ ಏನು ಕಾಣುತ್ತೆ ಅಂದರೆ, ತಾನು ಬಿಟ್ಟುಬಂದ ಜಾಗ ಮಾತ್ರ. ನನ್ನ ರ‍್ಯಾಂಪ್ ಸಣ್ಣದಾಗುತ್ತಾ ಹೋಯಿತು. ಬ್ರೇಕ್ ಹಿಡಿದೆ, ಅದು ಕೈಗೇ ಬಂತು. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಒಬ್ಬನಾದರೂ ಹಿಡಿಯಬಾರದೇ? ಎಲ್ಲರ ಕೈಯಲ್ಲೂ ಫೋನ್ ಇತ್ತು! ಹೋಗಿ ಶಾಮಿಯಾನದ ನಡುಗಂಬಕ್ಕೆ ಹೊಡೆದೆ. ಕಂಬ ಒಂದು ಕ್ಷಣ ಯೋಚನೆ ಮಾಡಿ ಬಾಗಿತು. ಅಧ್ಯಕ್ಷರು, ಅತಿಥಿಗಳು, ಕೇಸರಿಬಾತು, ನನ್ನ ಆಳೆತ್ತರದ ಫೋಟೋ, ಎಲ್ಲದರ ಮೇಲೂ ಬಟ್ಟೆ ಮುಚ್ಚಿಕೊಂಡಿತು. ಆ ಕತ್ತಲೆಯಲ್ಲಿ ಮೈಕಿನಿಂದ ಜಯಮ್ಮನ ಧ್ವನಿ ಇಡೀ ಹೂಡಿಗೆ ಕೇಳಿಸಿತು. "ಏನ್ರೀ, ಇದ್ದೀರಾ, ಹೋದ್ರಾ?"

ಇದ್ದೆ. ಮೊಣಕೈ ತರಚಿತ್ತು ಅಷ್ಟೇ. ಬಟ್ಟೆಯಡಿಯಿಂದ ತೆವಳಿಕೊಂಡು ಹೊರಗೆ ಬಂದಾಗ ಅನಿತಾ ಮೇಡಂ ಆಗಲೇ ಎದ್ದು, ಕೂದಲಿನಿಂದ ಕೇಸರಿಬಾತು ತೆಗೆಯುತ್ತಿದ್ದರು. ಟೇಪು ಬಿಚ್ಚಲೂ ಇಲ್ಲ.

"ಸಾರ್, ಇದನ್ನ ಪಾಸ್ ಮಾಡೋಕಾಗಲ್ಲ," ಅಂದರು. "ರೂಪಾ, ಸಾರಿ. ಜಿಗಣಿ ಆಫೀಸಿಗೇ ಹಾಕ್ಬೇಕಾಗುತ್ತೆ."

ಬಿದ್ದಾಗ ನೋವಾಗಿರಲಿಲ್ಲ. ಆ ಮಾತು ಕೇಳಿ ನೋವಾಯಿತು. ಕೃಷ್ಣಪ್ಪ ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ನಿಂತಿದ್ದ, ನನ್ನ ಮುಖ ನೋಡಲಿಲ್ಲ. ನನ್ನ ಪೇಟ, ಫ್ಲೆಕ್ಸು, ಮೈಕು ಸೇರಿಕೊಂಡು ಒಂದು ಹುಡುಗಿಯ ಅನ್ನಕ್ಕೆ ಮಣ್ಣು ಹಾಕಿದ್ದವು.

"ಮೇಡಂ," ಅಂದಳು ರೂಪಾ, ಸಮಾಧಾನವಾಗಿ. "ಹಿಂದ್ಗಡೆ ಬಾಗಿಲು ನೋಡ್ತೀರಾ?"

ನಮ್ಮ ಕಟ್ಟಡದ ಮುಂದಿನ ರಸ್ತೆ ತಗ್ಗು. ಹಿಂದೆ ಹಳೇ ಊರಿನ ಬೀದಿ ಎತ್ತರ. ಅಲ್ಲಿ ದನ ಕಟ್ಟುತ್ತಿದ್ದ ಕಾಲದಿಂದ ಹೊಸ ಕಟ್ಟಡಕ್ಕೂ ಉಳಿಸಿಕೊಂಡ ಅಗಲವಾದ ಬಾಗಿಲೊಂದಿತ್ತು. ಬೀದಿಗೂ ಒಳಗಿನ ನೆಲಕ್ಕೂ ಒಂದು ಬೆರಳಿನಷ್ಟೂ ವ್ಯತ್ಯಾಸವಿಲ್ಲ. ಮೆಟ್ಟಿಲಿಲ್ಲ, ಹೊಸಿಲಿಲ್ಲ. ಬೀಗ ಮಾತ್ರ ಇತ್ತು. ಅದರ ಕೀ ನನ್ನ ಉಡಿದಾರದಲ್ಲೇ ಇತ್ತು!

ಬೀಗ ತೆಗೆದೆ. ಒಳಗೆ ಬಾಗಿಲಿಗೆ ಒರಗಿಸಿದ್ದ ಉಳಿದ ಗ್ರಾನೈಟ್ ತುಂಡುಗಳನ್ನು ವೆಂಕಟಸ್ವಾಮಿ ಕುಂಟುತ್ತಾ ಸರಿಸಿದ.

"ಅಪ್ಪನ ಟೇಪಲ್ಲಿ ಹೋದ ವಾರಾನೇ ಹೊರಗಿಂದ ಅಳೆದಿದ್ದೀನಿ ಮೇಡಂ, ನಾಲ್ಕಡಿ ಅಗಲ," ಅಂದಳು ರೂಪಾ. "ಟಾಯ್ಲೆಟ್ಟು ನೀವೇ ಸರಿ ಮಾಡ್ಸಿದ್ದೀರ." ಯಾರೂ ತಳ್ಳದೆ ಒಳಗೆ ಹೋದಳು. ಒಂದು ಸುತ್ತು ತಿರುಗಿ ಹೊರಗೆ ಬಂದಳು. ಅರ್ಧ ನಿಮಿಷದ ಕೆಲಸ.

ನಾನು ಗೋಡೆ ಹಿಡಿದುಕೊಂಡೆ. "ಇದನ್ನ ಮೊದಲೇ ಹೇಳಬಾರದಾ ಮಗಾ?"

"ಎರಡು ಸಲ ಶುರುಮಾಡಿದ್ದೆ. ಒಂದ್ಸಲ ತಲೆ ಸವರಿದ್ರಿ. ಇನ್ನೊಂದ್ಸಲ ಓಡಿದ್ರಿ."

"ಆದ್ರೂ ನಮ್ಮ ಮನೆಮಗಳು ಹಿಂಬಾಗಿಲಲ್ಲಿ ಬರೋದು ಅಂದ್ರೆ..." ಅಂತ ಇನ್ನೂ ಎಳೆಯುತ್ತಿದ್ದೆ. ಚಟ ಅಷ್ಟು ಬೇಗ ಬಿಡುತ್ತಾ?

ರೂಪಾ ಮೇಡಂ ಕಡೆ ತಿರುಗಿದಳು. "ಅದೊಂದು ಮಾತು ದೊಡ್ಡಪ್ಪ ಸರಿಯಾಗಿ ಹೇಳಿದ್ರು. ನಾನೊಬ್ಬಳೇ ಹಿಂದ್ಗಡೆಯಿಂದ ಬರೋದಾದ್ರೆ ಬೇಡ ಮೇಡಂ. ಬೋರ್ಡು ಇಲ್ಲಿ ಹಾಕಿ, ಎಲ್ಲರೂ ಇಲ್ಲಿಂದಲೇ ಬರಲಿ. ಆಗ ಇದೇ ಮುಂಬಾಗಿಲು."

ಮೇಡಂ ನಕ್ಕು, ಅಲ್ಲೇ ಗ್ರಾನೈಟ್ ತುಂಡಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಕೃಷ್ಣಪ್ಪ ಟೇಪಿನ ತುದಿಯಲ್ಲಿ ಕಣ್ಣೊರೆಸಿಕೊಂಡ. ನನ್ನ ಪಂಚೆಯಲ್ಲಿ ಕುಂಬಳದ ಬೀಜ ಇನ್ನೂ ಅಂಟಿಕೊಂಡಿದ್ದವು, ಅದಕ್ಕೆ ನಾನು ಅವನ ಹತ್ತಿರ ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಎಂಟೂವರೆಗೇ ನಾನು ಆ ಬಾಗಿಲ ಹತ್ತಿರ ಹಾಜರಾದೆ. ಈ ಸಲ ಫ್ಲೆಕ್ಸ್ ಇಲ್ಲ, ಮೈಕ್ ಇಲ್ಲ, ಬಾಗಿಲ ನಡುವೆ ಸುಮ್ಮನೆ ನಿಂತು, ಮಗಳು ಬಂದಾಗ ಮನಸಾರೆ ನಾಲ್ಕು ಒಳ್ಳೇ ಮಾತು ಹೇಳೋಣ ಅಂತ. ರೂಪಾ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಕುತ್ತಿಗೆಗೆ ಹೊಸ ಐಡಿ ಕಾರ್ಡ್ ನೇತುಹಾಕಿಕೊಂಡು ಬಂದಳು. ಅವಳ ಹಿಂದೆ ಆಫೀಸಿನವರು ಐದಾರು ಜನ ಇದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ದೊಡ್ಡಪ್ಪ, ಈ ಕಟ್ಟಡದಲ್ಲಿ ಇನ್ನೊಂದೇ ಒಂದು ಅಡ್ಡ ಉಳಿದಿದೆ," ಅಂದಳು.

"ಹೇಳು ಮಗಾ, ಈಗಲೇ ಒಡೆಸ್ತೀನಿ."

"ಒಡೆಸೋದೇನೂ ಬೇಡ. ನೀವು ಸ್ವಲ್ಪ ಸರಿದ್ರೆ ಸಾಕು."

ಸರಿದೆ.