ಲೆನ್ಸ್ ಬದಲಿಸುವ ಶುಭ ಮುಹೂರ್ತ

ಒಂದು ಕ್ಯಾಮೆರಾ ಕೊಳ್ಳುವುದು ಅಂಥ ದೊಡ್ಡ ವಿಷಯವೇನಲ್ಲ ಎಂದುಕೊಂಡೇ ನಾನು ಅದಕ್ಕೆ ಕೈ ಹಾಕಿದ್ದು. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಮಾಡಿದ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹುಡುಕಿ, ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದಕ್ಕೇ ನನಗೆ ಸಂಬಳ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವನಿಗೆ, ತನ್ನನ್ನು ಬಿಟ್ಟು ಉಳಿದವರೆಲ್ಲ ಕೆಂಪು ಚೀಟಿಗೆ ಅರ್ಹರು ಎನಿಸತೊಡಗುತ್ತದೆ. ನನಗೂ ಎನಿಸಿತ್ತು.

ನನ್ನ ಖಾಸಗಿ ಕೆಂಪು ಚೀಟಿಗಳಲ್ಲಿ ಅತ್ಯಂತ ಹಳೆಯದು ಶಾಂತರಾಜು ಅವರದು. ರಾಜಾಜಿನಗರದಲ್ಲಿ ಪುಟ್ಟ ಸ್ಟುಡಿಯೊ ಇಟ್ಟುಕೊಂಡಿರುವ ಇವರೇ ನಮ್ಮ ಮದುವೆಗೆ ಫೋಟೊ ತೆಗೆದದ್ದು. ನಮ್ಮ ಆಲ್ಬಂನಲ್ಲಿ ನಾನು ಮಾಂಗಲ್ಯವನ್ನು ಕೈಯಲ್ಲಿ ಹಿಡಿದುಕೊಂಡು ಬೆಪ್ಪನಂತೆ ನಿಂತ ಫೋಟೊ ಇದೆ. ಪುಟ ತಿರುವಿದರೆ ನಾವಿಬ್ಬರೂ ಸಪ್ತಪದಿ ತುಳಿಯುತ್ತಿದ್ದೇವೆ. ನಡುವೆ ತಾಳಿ ಕಟ್ಟಿದ್ದೆಲ್ಲಿ? ಇಲ್ಲ! ಸರಿಯಾಗಿ ಆ ಕ್ಷಣದಲ್ಲಿ ಶಾಂತರಾಜು ರೀಲು ಬದಲಿಸುತ್ತಿದ್ದರು.

"ನೀವು ನನಗೆ ತಾಳಿ ಕಟ್ಟಿದೀರ ಅನ್ನೋದಕ್ಕೆ ಏನ್ರೀ ಸಾಕ್ಷಿ?" ಎಂದು ನನ್ನ ಹೆಂಡತಿ ಸುಧಾ ಜಗಳದ ದಿನಗಳಲ್ಲಿ ಕೇಳುವುದುಂಟು. ಜಗಳವಿಲ್ಲದ ದಿನಗಳಲ್ಲಿ ಆಲ್ಬಂ ತೆರೆದು, ಆ ಎರಡು ಪುಟಗಳ ನಡುವೆ ಬೆರಳಿಟ್ಟುಕೊಂಡು ಸುಮ್ಮನೆ ಕೂರುತ್ತಾಳೆ. ಜಗಳವೇ ವಾಸಿ ಎನಿಸುತ್ತದೆ.

ಹೀಗಿರುವಾಗ ಸುಧಾಳ ತಂಗಿ ರೂಪಾಳ ಮದುವೆ ಗೊತ್ತಾಯಿತು. ಆರತಕ್ಷತೆ ಗಂಡಿನ ಕಡೆಯವರದು, ಫೋಟೊಗ್ರಾಫರೂ ಅವರವನೇ. ಮುಹೂರ್ತ ನಮ್ಮ ಕಡೆಯದು. ವಿಡಿಯೊ ದೀಪದ ಶಾಖಕ್ಕೆ ಹೋಮದ ಶಾಖವೂ ಸೇರಿದರೆ ತಮಗೆ ತಲೆ ತಿರುಗುತ್ತದೆ ಎಂದು ಪುರೋಹಿತರು ಹೇಳಿದ್ದರಿಂದ ವಿಡಿಯೊ ಬೇಡವೆಂದಾಯಿತು. "ಫೋಟೊಗೆ ನಮ್ ಶಾಂತರಾಜುಗೇ ಹೇಳಿದೀನಿ" ಎಂದರು ಮಾವನವರು. ನಾನು ಕುಳಿತಲ್ಲಿಂದ ಎದ್ದು ನಿಂತೆ.

"ಬೇಡಿ ಮಾವ, ಅವರಿಗೆ ಬೇಡ ಅಂತ ಹೇಳ್ಬಿಡಿ. ನಾನಿದೀನಲ್ಲ!"

ರೂಪಾ ನನ್ನ ಮುಖವನ್ನೇ ನೋಡಿದಳು. "ಭಾವ, ನನಗೆ ಬೇರೆ ಫೋಟೊ ಇಲ್ದಿದ್ರೂ ಪರವಾಗಿಲ್ಲ. ತಾಳಿ ಕಟ್ಟೋದು ಒಂದು ಬೇಕು. ಅಕ್ಕನ ಥರ ಆಗ್ಬಾರ್ದು."

"ಅದು ನನ್ನ ಜವಾಬ್ದಾರಿ" ಎಂದೆ. ನನ್ನ ಬಳಿ ಆಗ ಕ್ಯಾಮೆರಾ ಇರಲಿಲ್ಲ ಎಂಬುದು ಒಂದು ಸಣ್ಣ ತಾಂತ್ರಿಕ ಅಂಶ.

ಮುಂದಿನ ಮೂರು ವಾರ ನಾನು ಅಧ್ಯಯನದಲ್ಲಿ ಮುಳುಗಿದೆ. ವಿಜಯನಗರದ ಸೈಬರ್ ಕೆಫೆಯಲ್ಲಿ ಕೂತು ದೇಶವಿದೇಶಗಳ ಜನ ಕ್ಯಾಮೆರಾ ಕುರಿತು ಬಡಿದಾಡಿದ್ದನ್ನೆಲ್ಲ ಓದಿ, ಪ್ರಿಂಟ್ ತೆಗೆಸಿಕೊಂಡು ಬಂದೆ. ಊಟದ ಮೇಜಿನ ಮೇಲೆ ಪಟ್ಟಿ ಹಾಕಿದೆ. ಒಂದು ಕಡೆ ಜೇಬಿನಲ್ಲಿ ಹಿಡಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾ. ಇನ್ನೊಂದು ಕಡೆ ಆಗಷ್ಟೇ ನಮ್ಮಂಥವರ ಕೈಗೆಟುಕತೊಡಗಿದ್ದ, ಲೆನ್ಸ್ ಬಿಚ್ಚಿ ಹಾಕಬಹುದಾದ ಡಿಎಸ್‌ಎಲ್‌ಆರ್. ಸೆನ್ಸರ್ ಎಂದರೇನು, ಅಪರ್ಚರ್ ಎಂದರೇನು ಎಂದು ಸುಧಾಳಿಗೆ ಹುಳಿಗೆ ಒಗ್ಗರಣೆ ಬೀಳುವವರೆಗೂ ವಿವರಿಸಿದೆ.

"ಅದೆಲ್ಲ ಇರ್ಲಿ ರೀ, ಆ ಒಂದು ಫೋಟೊ ಬರುತ್ತಾ?"

"ಬರುತ್ತಾ ಅಂದ್ರೆ? ಮಾಂಗಲ್ಯದ ಗುಂಡು ಎಣಿಸ್ಬೋದು, ಹಾಗೆ ಬರುತ್ತೆ!"

"ಹಾಗಾದ್ರೆ ಚಿಕ್ಕದನ್ನೇ ತಗೊಳ್ಳಿ. ನನ್ನ ಬ್ಯಾಗಲ್ಲಿ ಹಿಡಿಸುತ್ತೆ. ಬಟನ್ ಒತ್ತಿದ್ರೆ ಮುಗೀತು."

ಕೊನೆಗೆ ಅಂಗಡಿಗೆ ಹೋದೆವು. ಅಂಗಡಿಯವನು ನನ್ನನ್ನೂ ಸುಧಾಳನ್ನೂ ನಮ್ಮ ಕೈಯಲ್ಲಿದ್ದ ತರಕಾರಿ ಚೀಲವನ್ನೂ ನೋಡಿ, ಪುಟ್ಟದೊಂದನ್ನು ಗಾಜಿನ ಮೇಲಿಟ್ಟ. "ಫ್ಯಾಮಿಲಿ ಯೂಸ್‌ಗೆ ಇದು ಸಾಕು ಸಾರ್."

ಸಾಕು! ಆ ಒಂದು ಪದ ನನ್ನನ್ನು ಕೆಣಕಿತು. ಕಾರ್ಖಾನೆಯಲ್ಲಿ 'ಸಾಕು' ಎಂದ ಮಾಲನ್ನು ನಾನು ಎಂದೂ ಪಾಸು ಮಾಡಿದವನಲ್ಲ. ಜೇಬಿನಲ್ಲಿ ಹಿಡಿಯುವುದು ಕರವಸ್ತ್ರವೇ ಹೊರತು ಕ್ಯಾಮೆರಾ ಅಲ್ಲ ಎಂದು ಶುರು ಮಾಡಿ, ಅವನಿಗೇ ಸೆನ್ಸರ್ ಪಾಠ ಹೇಳತೊಡಗಿದೆ. ಅಷ್ಟರಲ್ಲಿ ಸುಧಾ ಆ ಪುಟ್ಟದನ್ನು ಎತ್ತಿಕೊಂಡು ಬಟನ್ ಒತ್ತಿಬಿಟ್ಟಿದ್ದಳು. ನಾನು ಬಾಯಿ ತೆರೆದು ಭಾಷಣ ಮಾಡುತ್ತಿದ್ದ ಫೋಟೊ. ನನ್ನ ಹಿಂದಿನ ದವಡೆ ಹಲ್ಲಿಗೆ ತುಂಬಿಸಿದ್ದ ಬೆಳ್ಳಿ ಕೂಡ ಕಾಣುತ್ತಿತ್ತು.

"ಎಷ್ಟ್ ಚೆನ್ನಾಗಿ ಬಂದಿದೆ ನೋಡ್ರಿ!" ಎಂದಳು.

"ಅದೃಷ್ಟ" ಎಂದೆ. ನಾನು ಡಿಎಸ್‌ಎಲ್‌ಆರ್ ಕೊಂಡೆ. ಜೊತೆಗೆ ಎರಡು ಲೆನ್ಸ್: ಹತ್ತಿರದ್ದಕ್ಕೆ ಒಂದು ಗಿಡ್ಡದು, ದೂರದ್ದಕ್ಕೆ ಇನ್ನೊಂದು ಉದ್ದದ್ದು. ಅಂಗಡಿಯವನು, "ಸಾರ್, ಲೆನ್ಸ್ ಬದಲಾಯಿಸೋವಾಗ ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡ್ಕೊಳ್ಳಿ, ಇಲ್ದಿದ್ರೆ ಒಳಗೆ ಧೂಳು ಬೀಳತ್ತೆ" ಎಂದ. ನನಗೆ ಹೇಳಿಕೊಡಲು ಬಂದನಲ್ಲ ಎಂದು ನಕ್ಕೆ.

ಅಭ್ಯಾಸಕ್ಕೆಂದು ಭಾನುವಾರ ಬಸವೇಶ್ವರನಗರದ ನಮ್ಮ ಮನೆ ತಾರಸಿ ಹತ್ತಿ, ಉದ್ದ ಲೆನ್ಸ್ ಹಾಕಿ ಎದುರು ಸಾಲಿನ ಕಾಂಪೌಂಡುಗಳತ್ತ ಗುರಿ ಇಟ್ಟೆ. ಹತ್ತು ನಿಮಿಷದಲ್ಲಿ ಕೆಳಗಿನಿಂದ ಕೂಗು ಕೇಳಿತು. ಎದುರು ಮನೆಯ ಗೌಡರು. ಈ ಜಾಗವೆಲ್ಲ ರಾಗಿ ಹೊಲವಾಗಿದ್ದ ಕಾಲದಿಂದ ಇಲ್ಲೇ ಇರುವವರು.

"ಏನ್ ಸಾರ್, ರಸ್ತೆ ಅಗಲ ಮಾಡೋಕೆ ಸರ್ವೆನಾ? ನಮ್ ಕಾಂಪೌಂಡ್ ಎಷ್ಟು ಹೋಯ್ತದೆ?"

"ಇಲ್ಲ ಗೌಡ್ರೇ, ದಾಸವಾಳದ ಫೋಟೊ ತೆಗೀತಾ ಇದೀನಿ."

"ದಾಸವಾಳಕ್ಕೆ ಅಷ್ಟುದ್ದದ್ದು ಯಾಕ್ ಸಾರ್? ನಿಜ ಹೇಳಿ."

ಅವರು ಅಂದು ಸಂಜೆಯೇ ವಕೀಲರನ್ನು ಕಂಡು ಬಂದರಂತೆ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಪುಟ್ಟ ಕ್ಯಾಮೆರಾ ನೋಡಿ ಯಾರಾದರೂ ಹೆದರುತ್ತಾರೆಯೇ?

ಮದುವೆಯ ದಿನ ಬಂತು. ವಿಜಯನಗರದ ಕಲ್ಯಾಣ ಮಂಟಪದ ಬಾಗಿಲಲ್ಲೇ ವನಜಾಕ್ಷಿ ಚಿಕ್ಕಮ್ಮ ಸಿಕ್ಕರು. ಇವರು ಸುಧಾ, ರೂಪಾರ ಸ್ವಂತ ಚಿಕ್ಕಮ್ಮ, ದೀಪಾಂಜಲಿ ನಗರದವರು. ಅವರ ಪರ್ಸಿನಲ್ಲಿ ಕುಂಕುಮದ ಭರಣಿ ಗಾತ್ರದ ಒಂದು ಕ್ಯಾಮೆರಾ.

"ಅಳಿಯಂದ್ರೇ, ನಾನೂ ಒಂದೆರಡು ತೆಗೀಲಾ?"

"ಧಾರಾಳವಾಗಿ ತೆಗೀರಿ ಚಿಕ್ಕಮ್ಮ. ಆಸೆ ಯಾಕೆ ಇಟ್ಕೋತೀರ" ಎಂದು ಉದಾರವಾಗಿ ಅಪ್ಪಣೆ ಕೊಟ್ಟೆ. ಆ ಮಾತು ಈಗ ನೆನಪಾದರೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ನಾನು ತಯಾರಿಯಿಲ್ಲದೆ ಹೋದವನಲ್ಲ. ಪುರೋಹಿತರನ್ನು ಮೊದಲೇ ಹಿಡಿದು ಕಾರ್ಯಕ್ರಮದ ಪಟ್ಟಿ ಬರೆದುಕೊಂಡಿದ್ದೆ. ಅಂತರಪಟ ಸರಿಸುವಾಗ ದೂರದಿಂದ ಉದ್ದ ಲೆನ್ಸಿನಲ್ಲಿ ರೂಪಾಳ ಮುಖ. ಮಾಂಗಲ್ಯಧಾರಣೆಗೆ ಹತ್ತಿರದಿಂದ ಗಿಡ್ಡ ಲೆನ್ಸಿನಲ್ಲಿ ಎಲ್ಲರೂ. ಎರಡರ ನಡುವೆ ಲೆನ್ಸ್ ಬದಲಾವಣೆ, ಕಾಲಾವಕಾಶ ಒಂದು ನಿಮಿಷ. ಕಾರ್ಖಾನೆಯಲ್ಲಿ ಇಂಥ ಪಟ್ಟಿಗೆ ನಾನೇ ಸಹಿ ಹಾಕಿ ಪಾಸು ಮಾಡುತ್ತೇನೆ.

ಅಂತರಪಟ ಸರಿಯಿತು. ಟಕ ಟಕ ಟಕ! ಸೊಗಸಾಗಿ ಬಂದವು. ಉತ್ಸಾಹದಲ್ಲಿ ಇನ್ನೊಂದು, ಮತ್ತೊಂದು ಎಂದು ತೆಗೆಯುತ್ತ ಹೋದೆ. ತಲೆ ಎತ್ತಿ ನೋಡಿದರೆ, ಮಾಂಗಲ್ಯದ ತಟ್ಟೆ ಹಿರಿಯರ ಆಶೀರ್ವಾದಕ್ಕೆಂದು ಸಭೆಯೆಲ್ಲ ಸುತ್ತಿ ಮಂಟಪಕ್ಕೆ ವಾಪಸ್ಸಾಗಿತ್ತು. ವರ ಮಾಂಗಲ್ಯವನ್ನು ಕೈಗೆ ತೆಗೆದುಕೊಂಡಿದ್ದ. ಮುಂದೆ ಜನರ ಗೋಡೆ. ನೂಕಿಕೊಂಡು ಹೋಗಿ ಮಂಟಪದ ಅಂಚಿನಲ್ಲಿ ವಧೂವರರ ಎದುರಿಗೇ ನಿಂತೆ. ಕ್ಯಾಮೆರಾದೊಳಗೆ ಇಣುಕಿದರೆ ವರನ ಮೂಗು ಮಾತ್ರ ಕಾಣುತ್ತಿತ್ತು.

ಉದ್ದ ಲೆನ್ಸ್ ಬಿಚ್ಚಿದೆ. ಇಡಲು ಜಾಗವಿಲ್ಲದೆ ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಗಿಡ್ಡ ಲೆನ್ಸಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಎಡಗೈಯಲ್ಲಿ ಕ್ಯಾಮೆರಾ, ಬಾಯಿ ಮೇಲೆ ಮಾಡಿಕೊಂಡು. ಗಿಡ್ಡ ಲೆನ್ಸ್ ಹೆಗಲ ಬ್ಯಾಗಿನ ಬಾಯಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ. ಅಷ್ಟರಲ್ಲಿ ಪುರೋಹಿತರು ನನ್ನತ್ತ ನೋಡಿ, "ಏನ್ ಸ್ವಾಮಿ, ಆಯ್ತೇ?" ಎಂದರು.

ಬಾಯಲ್ಲಿ ಮುಚ್ಚಳ! ಮಾತಾಡುವಂತಿಲ್ಲ. "ಒಂದು ನಿಮಿಷ" ಎಂಬುದನ್ನು ಬಾಯಿ ಬಳಸದೆ ಹೇಗೆ ಹೇಳುತ್ತೀರಿ? ನೀವು ಹೇಗೆ ಹೇಳುತ್ತೀರೋ ಹಾಗೆಯೇ ನಾನೂ ಹೇಳಿದೆ. ಬಲಗೈಯ ತೋರುಬೆರಳನ್ನು ಮೇಲೆತ್ತಿ ಅಲ್ಲಾಡಿಸಿದೆ.

ಕನ್ನಡ ನಾಡಿನ ಯಾವ ಮದುವೆ ಮನೆಯಲ್ಲಾದರೂ ಮುಹೂರ್ತದ ಹೊತ್ತಿಗೆ ಮಂಟಪದ ಮೇಲೆ ನಿಂತವನು ಬೆರಳೆತ್ತಿ ಅಲ್ಲಾಡಿಸಿದರೆ ಅದಕ್ಕಿರುವ ಅರ್ಥ ಒಂದೇ. ಗಟ್ಟಿಮೇಳ!

ಓಲಗದವರು ಸಭಾಂಗಣದ ಆ ತುದಿಯಲ್ಲಿ ಇದಕ್ಕೆಂದೇ ಕಣ್ಣು ನೆಟ್ಟು ಕುಳಿತಿದ್ದರು. ಡೋಲು ಒಮ್ಮೆಲೇ ಗುಡುಗಿತು. ನಾಗಸ್ವರ ಕಿರುಚಿತು. ಗಾಬರಿಯಾಗಿ ನಾನು ಅವರತ್ತ ತಿರುಗಿ "ಅಲ್ಲ, ಅಲ್ಲ" ಎನ್ನುವಂತೆ ಬೆರಳನ್ನು ಇನ್ನೂ ಜೋರಾಗಿ ಅಲ್ಲಾಡಿಸಿದೆ. ಡೋಲಿನವನು ಇನ್ನೂ ಜೋರಾಗಿ ಬಾರಿಸಿದ! ವರ ತಡಮಾಡದೆ ಮೊದಲ ಗಂಟು ಹಾಕಿಬಿಟ್ಟ. ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಕಾದಿದ್ದ ಇಡೀ ಸಭೆ ಒಟ್ಟಿಗೆ ಎಸೆಯಿತು. ಹಿಂದಿನ ಸಾಲಿನವರು ಎಸೆದ ಅಕ್ಷತೆ ವಧೂವರರವರೆಗೆ ಎಂದೂ ತಲುಪುವುದಿಲ್ಲ. ಮಂಟಪದ ಅಂಚಿನಲ್ಲಿ ನಿಂತವರ ಮೇಲೆ ಬೀಳುತ್ತದೆ. ಅಂಚಿನಲ್ಲಿ ನಿಂತಿದ್ದವನು ನಾನು. ನನ್ನ ಅಂಗೈಯಲ್ಲಿ ಬಾಯಿ ತೆರೆದುಕೊಂಡು ಕ್ಯಾಮೆರಾ!

"ಯಾರ್ರೀ ಗಟ್ಟಿಮೇಳ ಹೇಳಿದ್ದು?" ಎಂದು ಪುರೋಹಿತರು ಗದರಿದರು.

ಡೋಲಿನವನು ಕೋಲನ್ನು ನೇರವಾಗಿ ನನ್ನತ್ತ ಚಾಚಿದ. "ಅವ್ರೇ ಸಾಮಿ! ಬೆರಳು ಎತ್ತಿದ್ರು. ಸಾಲ್ದು ಅಂತ ಇನ್ನೂ ಜೋರಾಗಿ ಹೊಡಿ ಅಂದ್ರು!"

ಪುರೋಹಿತರು ಗಡಿಯಾರ ನೋಡಿಕೊಂಡು, "ಮುಹೂರ್ತ ಬಂದಿದೆ, ಚಿಂತೆ ಇಲ್ಲ, ಆಗ್ಲಿ" ಎಂದರು. ಉಳಿದೆರಡು ಗಂಟೂ ಬಿದ್ದವು. ನಾನು ಕ್ಯಾಮೆರಾವನ್ನು ಬೋರಲು ಮಾಡಿ ಒದರಿದೆ. ಅರಿಶಿನದ ಅಕ್ಕಿ ನಾಲ್ಕು ಕಾಳು ಉದುರಿತು. ಒಳಗೆ ಇನ್ನೂ ಗಲಗಲ ಎನ್ನುತ್ತಿತ್ತು.

ಸುಧಾ ನನ್ನ ಪಕ್ಕಕ್ಕೆ ಬಂದು ಒಂದೇ ಮಾತು ಕೇಳಿದಳು. "ಬಂತಾ?"

ಹಲ್ಲಿನಿಂದ ಮುಚ್ಚಳ ತೆಗೆದೆ. "ಇಲ್ಲ" ಎಂದೆ. ಅವಳು ಬೈಯಲಿಲ್ಲ. ನನ್ನ ತಲೆಯ ಮೇಲಿದ್ದ ಅಕ್ಷತೆಯನ್ನು ಸುಮ್ಮನೆ ಕೊಡವಿ ರೂಪಾಳ ಬಳಿ ಹೋದಳು. ಅಂದು ಹೋಳಿಗೆ ಊಟ. ನಾನು ಎಲೆಯಲ್ಲೇ ಬಿಟ್ಟು ಎದ್ದೆ. ಅಕ್ಕತಂಗಿಯರಿಬ್ಬರ ಆಲ್ಬಂನಲ್ಲೂ ಒಂದೇ ಜಾಗದಲ್ಲಿ ತೂತು, ಎರಡನೆಯದು ನನ್ನ ಕೈಯಾರೆ ಆದದ್ದು ಎಂಬುದು ನಿಜಕ್ಕೂ ಸಂಕಟ ಕೊಟ್ಟಿತು.

ಮೂರನೆಯ ದಿನ ಬೇರೆ ದಾರಿ ಕಾಣದೆ ಶಾಂತರಾಜು ಅವರ ಸ್ಟುಡಿಯೊಗೆ ಹೋದೆ. ಅವರು ಕನ್ನಡಕ ಏರಿಸಿಕೊಂಡು ಕ್ಯಾಮೆರಾದೊಳಗೆ ಇಣುಕಿ, ಚಿಮಟ ತೆಗೆದುಕೊಂಡು ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಕಾಗದದ ಮೇಲಿಡತೊಡಗಿದರು.

"ಅಕ್ಕಿ ಚೆನ್ನಾಗಿದೆ ಸಾರ್. ಸೋನಾ ಮಸೂರಿ ಅಲ್ವಾ?"

ನಾನು ತಲೆ ತಗ್ಗಿಸಿದೆ. "ಶಾಂತರಾಜು, ನಿಮ್ಮನ್ನ ಇಷ್ಟು ವರ್ಷ ಆಡಿಕೊಂಡೆ. ತಪ್ಪಾಯ್ತು. ನೀವು ರೀಲು ಬದಲಿಸಿದ್ರಿ, ನಾನು ಲೆನ್ಸ್ ಬದಲಿಸಿದೆ. ಇಬ್ರೂ ಒಂದೇ."

ಅವರು ಚಿಮಟ ಕೆಳಗಿಟ್ಟರು. "ಒಂದೇ ಹೆಂಗಾಗುತ್ತೆ ಸಾರ್? ನಾನು ರೀಲು ಬದಲಾಯಿಸ್ತಿದ್ದೆ, ನಿಜ. ಆದ್ರೆ ಗಟ್ಟಿಮೇಳ ನಾನ್ ಹೊಡಿಸಿರ್ಲಿಲ್ಲ."

ಕೆಂಪು ಚೀಟಿ ಎಂದರೆ ಏನು ಎಂದು ಅಂದು ನನಗೆ ಗೊತ್ತಾಯಿತು.

"ಬಂದಿದೀರಲ್ಲ, ಇದನ್ನೂ ನೋಡಿ" ಎಂದು ಅವರು ಕಂಪ್ಯೂಟರ್ ತಿರುಗಿಸಿದರು. "ವನಜಾಕ್ಷಮ್ಮ ಬಂದಿದ್ರು, ಪ್ರಿಂಟ್ ಹಾಕಿ ಅಂತ ಕಾರ್ಡ್ ಕೊಟ್ಟೋಗಿದಾರೆ."

ಚಿಕ್ಕಮ್ಮ ಒಂದೇ ಒಂದು ಸಲ ಬಟನ್ ಒತ್ತಿದ್ದರು. ಸರಿಯಾದ ಕ್ಷಣದಲ್ಲಿ! ಅಕ್ಷತೆ ಗಾಳಿಯಲ್ಲಿ ಹಾಗೇ ನಿಂತಿದೆ. ವರ ಬಾಗಿ ತಾಳಿ ಕಟ್ಟುತ್ತಿದ್ದಾನೆ. ತಲೆ ತಗ್ಗಿಸಿ ಕೂರಬೇಕಾದ ರೂಪಾ ಮುಖವೆತ್ತಿ, ಬಾಯ್ತುಂಬ ನಗುತ್ತಿದ್ದಾಳೆ. ಅವಳು ನಗುತ್ತಿರುವುದು ಚೌಕಟ್ಟಿನ ನಡುವೆ ನಿಂತಿರುವ ಮನುಷ್ಯನನ್ನು ನೋಡಿ. ಅವನ ಕಂಕುಳಲ್ಲಿ ಲೆನ್ಸ್, ಬಾಯಲ್ಲಿ ಮುಚ್ಚಳ, ಭಿಕ್ಷಾಪಾತ್ರೆಯಂತೆ ಚಾಚಿದ ಕೈಯಲ್ಲಿ ಕ್ಯಾಮೆರಾ. ಮೇಲೆತ್ತಿದ ಅವನ ತೋರುಬೆರಳು, ಸರಿಯಾಗಿ ಮಾಂಗಲ್ಯಕ್ಕೆ ಅಡ್ಡ ಬಂದಿದೆ.

ಬೆರಳಿನ ರೇಖೆಗಳನ್ನು ಕೂಡ ಎಣಿಸಬಹುದಿತ್ತು. ಪುಟ್ಟ ಕ್ಯಾಮೆರಾ ಅಷ್ಟು ಚೆನ್ನಾಗಿತ್ತು.

ಈಗ ಸುಧಾಳ ಬ್ಯಾಗಿನಲ್ಲಿ ಅಂಥದೇ ಒಂದು ಪುಟ್ಟ ಕ್ಯಾಮೆರಾ ಇರುತ್ತದೆ. ನನ್ನದು ಬೀರುವಿನಲ್ಲಿದೆ. ಶಾಂತರಾಜು ಎಷ್ಟು ಒರೆಸಿದರೂ ಅರಿಶಿನದ ಒಂದು ಚುಕ್ಕೆ ಹೋಗಿಲ್ಲ, ಇಣುಕಿದಾಗಲೆಲ್ಲ ಮೂಲೆಯಲ್ಲಿ ಕಾಣುತ್ತದೆ. ರೂಪಾ ಆ ಫೋಟೊವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಕೆಂಗೇರಿಯ ತನ್ನ ಮನೆಯ ಹಾಲ್‌ನಲ್ಲಿ ಸೋಫಾದ ಎದುರಿಗೇ ನೇತು ಹಾಕಿದ್ದಾಳೆ. "ನನ್ನ ಮದುವೇಲಿ ನಾನು ನಕ್ಕಿದ್ದು ಇದೊಂದ್ರಲ್ಲೇ ಭಾವ, ಇದನ್ನ ಬಿಟ್ಟು ಬೇರೆ ಬೇಡ" ಎನ್ನುತ್ತಾಳೆ. ಅದನ್ನು ಕೇಳಿದಾಗ ಸ್ವಲ್ಪ ಸಮಾಧಾನವಾಗುತ್ತದೆ. ಆದರೆ ಆ ಸಮಾಧಾನ ಅವಳ ಮನೆಗೆ ನೆಂಟರು ಬರುವವರೆಗೆ ಮಾತ್ರ.

ಬಂದವರೆಲ್ಲ ಫೋಟೊದ ಮುಂದೆ ನಿಂತು ಕೇಳುವುದು ಒಂದೇ ಪ್ರಶ್ನೆ. "ಮಧ್ಯದಲ್ಲಿ ಅಡ್ಡ ನಿಂತಿದಾರಲ್ಲ, ಇವ್ರು ಯಾರು?"

"ನಮ್ ಭಾವ" ಎನ್ನುತ್ತಾಳೆ ರೂಪಾ. "ಅವ್ರೇ ಫೋಟೊಗ್ರಾಫರ್."