ನೀರು ನಿಂತ ಗೆರೆ

ಚರ್ಚಿನಲ್ಲಿ ಪ್ರಸಂಗ ಶುರುವಾದರೆ ಪೇಂಟರ್‌ಗೆ ನಿದ್ದೆ ಬರುತ್ತಿತ್ತು. ಬೆಂಚು ಕಿರುಗುಟ್ಟಿದರೆ ಅವನ ಕಾಲುಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಹಾಡು ಶುರುವಾಯಿತೆಂದು ಅವುಗಳ ಲೆಕ್ಕ. ಆ ಭಾನುವಾರ ಬೆಂಚು ಕಿರುಗುಟ್ಟಿದ್ದು ಹಾಡಿಗಲ್ಲ. "ಪ್ರವಾಹ ಬಂದ ಊರಿಗೆ ಸೇವೆಗೆ ಬರೋರು ಎದ್ದು ನಿಲ್ಲಿ" ಎಂದು ಪಾದ್ರಿಗಳು ಕೇಳಿದ್ದರು. ಅವನು ಕಣ್ಣು ಬಿಟ್ಟಾಗ ಹಾಡಿನ ಟೀಚರ್ ಮತ್ತು ಕೆಲವು ಗಟ್ಟಿಮುಟ್ಟಾದ ಹುಡುಗರ ಜೊತೆ ತಾನೂ ನಿಂತಿದ್ದ.

ಮೆಲ್ಲಗೆ ಕೂರಲು ನೋಡಿದರೆ ಹೆಂಡತಿ ಬಿಡಲಿಲ್ಲ. "ಈಗ ಕೂತ್ರೆ ಮಾನ ಹೋಗುತ್ತೆ. ನಿಂತಿರಿ."

ಹೀಗೆ, ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆಯುವ ಆ ಬಡಕಲು ಮನುಷ್ಯ ಶನಿವಾರ ಬೆಳಿಗ್ಗೆ ವ್ಯಾನಿನ ಹಿಂದಿನ ಸೀಟಿನಲ್ಲಿ, ಸಲಿಕೆಗಳ ನಡುವೆ ತಾನೂ ಒಂದು ಸಲಿಕೆಯಂತೆ ಒರಗಿಕೊಂಡು ಹೊರಟ.

ಆ ಊರಿನಲ್ಲಿ ಬೇಲಿಗಳ ಮೇಲೆ ಹಾಸಿಗೆಗಳು ನೇತಾಡುತ್ತಿದ್ದವು. ಮರದ ಕೊಂಬೆಯಲ್ಲಿ ಮಗುವಿನ ಒಂದೇ ಒಂದು ಬೂಟು ಸಿಕ್ಕಿಕೊಂಡಿತ್ತು. ಪ್ರತಿ ಗೋಡೆಯ ಮೇಲೂ ನೀರು ಎಲ್ಲಿಯವರೆಗೆ ನಿಂತಿತ್ತೆಂದು ತೋರಿಸುವ ಕಂದು ಗೆರೆ. ಜನ ಮನೆಯೊಳಗೆ ಹೋಗದೆ, ಯಾರನ್ನೋ ಕಾಯುವವರಂತೆ ಹೊರಗೇ ಕೂತಿದ್ದರು. ಯಾಕೆಂದು ಇವರು ಯಾರೂ ಕೇಳಲಿಲ್ಲ.

ಬೀದಿಯ ಕೊನೆಯ ಮನೆ ಒಬ್ಬಂಟಿ ಅಜ್ಜಿಯದು. ಬಾಗಿಲು ಕೊಚ್ಚಿಹೋಗಿತ್ತು. ಬೋರಲು ಹಾಕಿದ ತೊಟ್ಟಿಯ ಮೇಲೆ ಕೂತಿದ್ದ ಆಕೆ ಪೇಂಟರ್‌ನ ಕೈ ಹಿಡಿದುಕೊಂಡಳು. "ನೀರು ಬಂದಾಗಿಂದ ಶಾಲೆ ನೆಲದ ಮೇಲೆ ಮಲಗಿ ಮಲಗಿ ಸೊಂಟ ಬಿದ್ದುಹೋಯ್ತು ಕಣಪ್ಪ. ಇನ್ನಾದ್ರೂ ನನ್ನ ಮನೇಲಿ, ನನ್ನ ಮಂಚದ ಮೇಲೆ ಮಲಗಬೇಕು."

"ಮಲಗಿಸ್ತೀವಿ ಅಜ್ಜಿ," ಎಂದ ಪೇಂಟರ್. ಹೆಂಡತಿಯನ್ನು ಕೇಳದೆ ಅವನು ಯಾರಿಗೂ ಮಾತು ಕೊಟ್ಟವನಲ್ಲ. ಎದೆ ಸ್ವಲ್ಪ ಉಬ್ಬಿತು.

ಕೆಸರು ಕರೆಯದೇ ಬಂದ ನೆಂಟನಂತೆ ಮೂಲೆಮೂಲೆಯಲ್ಲೂ ಕೂತಿತ್ತು. ಟೀಚರ್ ಹಾಡು ಎತ್ತಿಕೊಟ್ಟರು. ಎಲ್ಲರೂ ಗಂಟಲು ಹರಿಯುವಂತೆ ಹಾಡುತ್ತ ಬಕೆಟ್ಟುಗಟ್ಟಲೆ ಕೆಸರು ಹೊರಗೆ ಹಾಕಿದರು, ನೆಲ ತೊಳೆದರು. ಗೋಡೆಯ ಕೊಳಕು ಗೆರೆ ಕಂಡು ಪೇಂಟರ್‌ಗೆ ತಡೆಯಲಾಗಲಿಲ್ಲ. ಬ್ರಷ್ಷು ಹಿಡಿದು ಒಳಗೂ ಹೊರಗೂ ತಿಕ್ಕಿ ತಿಕ್ಕಿ ಅಳಿಸಿದ. ಮಧ್ಯಾಹ್ನದ ಹೊತ್ತಿಗೆ ಮನೆ ಮದುಮಗಳ ಹಾಗೆ ಹೊಳೆಯುತ್ತಿತ್ತು.

ಆಗ ಎದುರುಮನೆಯಾಕೆ ಬಂದು ತಲೆ ಚಚ್ಚಿಕೊಂಡಳು.

"ಅಯ್ಯೋ ನಿಮ್ಮ ಸೇವೆಗಿಷ್ಟು! ಅಧಿಕಾರಿ ಬಂದು ನೋಡೋ ತನಕ ಏನೂ ಮುಟ್ಟಬೇಡಿ ಅಂತ ಮೈಕಲ್ಲಿ ಕೂಗ್ಕೊಂಡು ಹೋದ್ರಲ್ಲ! ಗೆರೆ ಇಲ್ದಿದ್ರೆ ನೀರೇ ಬಂದಿಲ್ಲ ಅಂತ ಬರ್ಕೊಂಡು ಹೋಗ್ತಾರೆ."

"ಯಾವಾಗ ಕೂಗಿದ್ರು?" ಎಂದರು ಪಾದ್ರಿಗಳು.

"ನಿನ್ನೆಯೂ ಕೂಗಿದ್ರು. ಇವತ್ತೂ ಕೂಗಿದ್ರು, ನೀವೆಲ್ಲ ಬಾಯಿ ಬಿಟ್ಕೊಂಡು ಹಾಡ್ತಿದ್ದಾಗ!"

ಟೀಚರ್ ಬಾಯಿಗೆ ಸೆರಗು ಇಟ್ಟುಕೊಂಡರು. ಅಜ್ಜಿ ಮಾತ್ರ ಮೆಲ್ಲಗೆ, "ಪರಿಹಾರ ಬರ್ಲಿಲ್ಲ ಅಂದ್ರೆ ಬಾಗಿಲು ಇಲ್ಲ. ಬಾಗಿಲಿಲ್ದೆ ಒಬ್ಬಳೇ ಹೇಗೆ ಮಲಗ್ಲಿ?" ಎಂದಳು.

ಪಾದ್ರಿಗಳು ಕಣ್ಣು ಮುಚ್ಚಿದರು. "ನೀರು ಬಂದಿದ್ದು ಸುಳ್ಳಲ್ಲ. ಗೆರೆ ಇದ್ದಿದ್ದೂ ಸುಳ್ಳಲ್ಲ. ಇದ್ದಿದ್ದನ್ನ ಇದ್ದ ಹಾಗೇ..." ಎಂದು ಅಲ್ಲಿಗೇ ಬಿಟ್ಟರು. ಎಲ್ಲರೂ ಪೇಂಟರ್ ಕಡೆ ತಿರುಗಿದರು.

"ಅಣ್ಣ, ಗೆರೆ ಎಳೆಯೋದ್ರಲ್ಲಿ ನಿಮ್ಮದು ಎತ್ತಿದ ಕೈ ಅಲ್ವಾ?" ಎಂದರು ಟೀಚರ್.

ಹುಡುಗರು ಹಾಡಿಲ್ಲದೆ ಕೆಸರನ್ನು ವಾಪಸ್ ಹೊತ್ತು ತಂದರು. ಗೆರೆ ತನ್ನ ಸೊಂಟದ ಮಟ್ಟಕ್ಕಿತ್ತೆಂದು ಪೇಂಟರ್‌ಗೆ ನೆನಪಿತ್ತು. ಸೊಂಟದಷ್ಟು ಉದ್ದದ ಕೋಲೊಂದನ್ನು ನೆಲದ ಮೇಲೆ ನಿಲ್ಲಿಸಿ ಮೂಲೆಮೂಲೆಯಲ್ಲೂ ಗುರುತು ಮಾಡಿದ, ದಾರ ಕಟ್ಟಿದ, ಚಿಂದಿಬಟ್ಟೆಯನ್ನು ಕೆಸರಿನಲ್ಲಿ ಅದ್ದಿ ಒಳಗೂ ಹೊರಗೂ ಎಳೆದ. ಬೋರ್ಡಿಗೂ ಅಷ್ಟು ಚೆಂದದ ಗೆರೆ ಎಳೆದವನಲ್ಲ.

ಅಧಿಕಾರಿ ಬಂದ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಅರ್ಧ ಖಾಲಿಯಾದ ನೀರಿನ ಬಾಟಲಿ. ಗೆರೆಯನ್ನು ನೋಡಿದ. ಇನ್ನೊಮ್ಮೆ ನೋಡಿದ. ಬಾಟಲಿಯನ್ನು ಗೋಡೆಗೆ ಅಡ್ಡ ಹಿಡಿದ. ಬಾಟಲಿಯ ನೀರು ಮಟ್ಟವಾಗಿ ನಿಂತಿತ್ತು. ಗೆರೆ ಹಿತ್ತಲಿನ ಕಡೆ ಇಳಿದಿತ್ತು.

ಪೇಂಟರ್‌ಗೆ ಆಗ ಹೊಳೆಯಿತು. ಬೆಳಿಗ್ಗೆ ನೆಲ ತೊಳೆದ ನೀರು ಯಾರೂ ಗುಡಿಸದೆ ತಾನಾಗಿಯೇ ಹಿತ್ತಲಿಗೆ ಹರಿದುಹೋಗಿತ್ತು. ನೆಲವೇ ಇಳಿಜಾರು. ಅಳತೆ ತೆಗೆದದ್ದು ಆ ನೆಲದಿಂದ.

"ನೀರು ಯಾವತ್ತೂ ವಾರೆಯಾಗಿ ನಿಲ್ಲಲ್ಲ," ಎಂದ ಅಧಿಕಾರಿ.

ಪಾದ್ರಿಗಳು ಎರಡು ಹೆಜ್ಜೆ ಹಿಂದೆ ಸರಿದರು.

"ಅಂದ್ರೆ ನೀರು ಇಳಿದ ಮೇಲೆ ಮನೆ ವಾಲಿದೆ! ಹಿಂಭಾಗ ಕುಸೀತಾ ಇದೆ. ಹೊರಗೆ ಬನ್ನಿ, ಎಲ್ಲಾ ಹೊರಗೆ ಬನ್ನಿ! ಅಜ್ಜಿ, ಪರಿಹಾರ ಬರುತ್ತೆ. ಆದ್ರೆ ಮನೆ ನೆಟ್ಟಗಾಯ್ತು ಅಂತ ಎಂಜಿನಿಯರ್ ಹೇಳೋ ತನಕ ಒಳಗೆ ಕಾಲಿಡೋ ಹಾಗಿಲ್ಲ."

ಅಜ್ಜಿ ತನ್ನ ಮಂಚದ ಕಡೆ ನೋಡಿದಳು. ಪೇಂಟರ್‌ಗೆ ಆ ನೋಟ ತಾಳಲಾಗಲಿಲ್ಲ.

"ಸ್ವಾಮಿ, ಮನೆ ವಾಲಿಲ್ಲ. ಆ ಗೆರೆ ನಾನೇ ಎಳೆದಿದ್ದು."

ಅಧಿಕಾರಿ ಅವನ ಭುಜ ತಟ್ಟಿದ. "ಪಾಪದವರನ್ನ ಮನೆ ಬಿಡಿಸ್ಬಾರ್ದು ಅಂತ ಎಲ್ಲಾ ಕಡೆ ಹೀಗೇ ಸುಳ್ಳು ಹೇಳ್ತಾರೆ. ಒಳ್ಳೆ ಮನಸ್ಸು ನಿಮ್ದು. ಯಾರಾದ್ರೂ ಇವರಿಗೆ ಟೀ ಕೊಡಿ."

"ಅಯ್ಯನೋರೇ, ನೀವಾದ್ರೂ ಹೇಳಿ!"

ಪಾದ್ರಿಗಳು ಪ್ರಾರ್ಥನೆಗೆ ಕಣ್ಣು ಮುಚ್ಚಿಯಾಗಿತ್ತು.

ಬಾಗಿಲಿಲ್ಲದ ಬಾಗಿಲಿಗೆ ಹಲಗೆ ಹೊಡೆದರು. ಸೋಮವಾರ ಶಾಲೆ ಶುರು, ಅಲ್ಲಿಯೂ ಜಾಗವಿರಲಿಲ್ಲ. ಅಜ್ಜಿ ಗಂಟು ಕಂಕುಳಲ್ಲಿ ಅವುಚಿಕೊಂಡು ನೇರ ವ್ಯಾನು ಹತ್ತಿದಳು. "ಇಷ್ಟು ಜನರಲ್ಲಿ ಇವನೊಬ್ಬನೇ ನಿಜ ಹೇಳಿದ್ದು. ನಾನು ಇವನ ಮನೆಗೇ ಹೋಗ್ತೀನಿ."

ಸಂಜೆ ಹೆಂಡತಿ ಬಾಗಿಲು ತೆಗೆದಳು. ಅಜ್ಜಿಯ ಕಾಲಿಗೆ ಬಿಸಿನೀರು ಕೊಟ್ಟಳು, ಮನೆಯಲ್ಲಿದ್ದ ಒಂದೇ ಮಂಚದ ಮೇಲೆ ಮಲಗಿಸಿದಳು. ಆಮೇಲೆ ಗಂಡನನ್ನು ಅಡುಗೆಮನೆಗೆ ಕರೆದಳು.

"ಎಷ್ಟು ದಿನ?"

"ಅವರ ಮನೆ ನೆಟ್ಟಗಾಗೋ ತನಕ."

"ನೆಟ್ಟಗಾಗೋಕೆ ಎಷ್ಟು ದಿನ ಬೇಕಂತೆ?"

ಪೇಂಟರ್ ಉಗುರಿನ ಸಂದಿಯ ಕೆಸರನ್ನು ನೋಡುತ್ತ ನಿಂತ.

"ಅದು ನೆಟ್ಟಗೇ ಇದೆ ಕಣೇ," ಎಂದ.