ಕ್ಯಾಮೆರಾಕ್ಕೆ ಹಚ್ಚಿದ ವಿಭೂತಿ

ಚಿನ್ಮಯ, ಸಹನಾ, ಇಬ್ಬರೂ ಹತ್ತಿರ ಬನ್ನಿ, ಒಂದು ಗುಟ್ಟು ಹೇಳುತ್ತೇನೆ. ನಿಮ್ಮ ದೊಡ್ಡಜ್ಜನಿಗೆ ಕಾರು ಓಡಿಸುವುದು ಅರ್ಧ ಮಾತ್ರ ಬರುತ್ತದೆ! ಮುಂದಕ್ಕೆ ಓಡಿಸುವುದು ಅವರ ಕೆಲಸ. ಹಿಂದಕ್ಕೆ ಓಡಿಸುವುದು ಇಡೀ ಓಣಿಯ ಕೆಲಸ! ಇದನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿದವಳಲ್ಲ. ಊರ ಸಾಲೆಯಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ನೆಲ ನೋಡುತ್ತಿದ್ದೆ. ಕಾಗದದ ಮುಂದೆ ಮಾತ್ರ ನನಗೆಲ್ಲಿಂದ ಇಷ್ಟು ಧೈರ್ಯ ಬಂತೋ!

ಯಲಬುರ್ಗಾದ ನಮ್ಮ ಓಣಿಯನ್ನು ನೀವು ನೋಡಿದ್ದೀರಿ. ಎರಡು ಎಮ್ಮೆ ಎದುರಾದರೆ ಒಂದು ಎಮ್ಮೆ ಯಾರದಾದರೂ ಪಡಸಾಲೆ ಹೊಕ್ಕು ದಾರಿ ಬಿಡಬೇಕು. ಅಲ್ಲಿ ಕಾರು ತಿರುಗಿಸುವ ಮಾತೆಲ್ಲಿ? ಮುಂದಾಗಿ ಒಳಗೆ ಬಂದ ಕಾರು ದೊಡ್ಡ ರಸ್ತೆಯವರೆಗೂ ಹಿಂದಾಗಿಯೇ ಹೋಗಬೇಕು. ದೊಡ್ಡಜ್ಜ ಮೊದಲು ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆದವರು. ಟ್ರಾಲಿ ಹಿಂದೆ ಸರಿಸುವಾಗ ಯಾರಾದರೂ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನಬೇಕು, ಸಾಕಾದಾಗ "ಹೋಲ್ಡಾನ್" ಅನ್ನಬೇಕು. ಕಾರು ಕೊಂಡ ಮೇಲೂ ಅದೇ ಪದ್ಧತಿ. ಕಾರಿನ ಕನ್ನಡಿ? ಅದು ಮೀಸೆ ನೋಡಿಕೊಳ್ಳುವುದಕ್ಕೆ!

ನಿಮ್ಮ ಅಜ್ಜ ಇರುವ ತನಕ ಹಿಂದೆ ನಿಲ್ಲುವ ಕೆಲಸ ಅವರದು. "ಬರ್ಲಿ ಅಣ್ಣಾ, ಬರ್ಲಿ, ಇನ್ನಷ್ಟ ಬರ್ಲಿ" ಎಂದು ಅವರು ಕೂಗುತ್ತಿದ್ದರೆ ಓಣಿಯ ಕೊನೆಯ ಮನೆಯವರಿಗೂ ಗೊತ್ತು, ಅಣ್ಣತಮ್ಮಂದಿರ ಸವಾರಿ ಹೊರಟಿತು ಎಂದು. ಅಜ್ಜ ಜೊತೆಗಿಲ್ಲದಿದ್ದರೆ ಮಾತ್ರ ಫಜೀತಿ! ಒಮ್ಮೆ ಅಕ್ಕಿ ತರಲು ದೊಡ್ಡಜ್ಜ ಗಂಗಾವತಿಗೆ ಹೊರಟರು. ದೊಡ್ಡಜ್ಜಿ ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತಿದ್ದೆವು. ಅಕ್ಕಿ ಗಿರಣಿಯ ಮುಂದೆ ಎಲ್ಲಿ ನೋಡಿದರೂ ಭತ್ತದ ಲಾರಿ. ಸಿಕ್ಕಿಕೊಂಡೆವು. ದೊಡ್ಡಜ್ಜ ಕಿಟಕಿಯಿಂದ ತಲೆ ಹಾಕಿ, ಅಲ್ಲಿ ನಿಂತಿದ್ದ ಒಬ್ಬ ಹಮಾಲನಿಗೆ, "ತಮ್ಮಾ, ಸ್ವಲ್ಪ ಹಿಂದ ನೋಡಪಾ" ಅಂದರು. ಅವನಿಗೆ ದಿನವಿಡೀ ಲಾರಿಗಳಿಗೆ ದಾರಿ ತೋರಿಸಿ ರೂಢಿ. "ಬರ್ಲಿ ಬರ್ಲಿ ಬರ್ಲಿ" ಅಂದ, ಕೈಯಿಂದ ಕಾರಿನ ಡಿಕ್ಕಿಯನ್ನು ದಬದಬ ಬಡಿದ, "ಹೋಲ್ಡಾನ್!" ಅಂದ. ಎಷ್ಟು ಚೆನ್ನಾಗಿ ನಿಲ್ಲಿಸಿದ್ದ ಅಂತೀರಿ! ಸರಿಯಾಗಿ ಲಾರಿ ತೂಗುವ ಕಾಟಾದ ನಟ್ಟನಡುವೆ!

ಕಾಟಾದವನು ಒಳಗಿಂದ ತಲೆ ಎತ್ತದೆಯೇ ಕೇಳಿದ, "ಏನ್ ಮಾಲ್ರೀ?"

ದೊಡ್ಡಜ್ಜ ಎದೆಯುಬ್ಬಿಸಿ, "ನಮ್ಮ ಮನಿ ಮಂದಿ!" ಅಂದರು.

"ಚೀಲ ಎಷ್ಟ್ರೀ?"

ದೊಡ್ಡಜ್ಜಿ ತಿರುಗಿ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಊರಿಗೆ ಬರುವವರೆಗೂ ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು.

ನಿಮ್ಮ ಅಜ್ಜ ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡಜ್ಜಿಗೆ ಕಣ್ಣು ಮಂಜು, ಮನೆಯಲ್ಲಿ ಇನ್ನಾರಿದ್ದಾರೆ? ಆದರೆ ಅದರಲ್ಲೊಂದು ತೊಡಕು. ನಮ್ಮ ಕಾಲದ ಹೆಂಗಸರು ಗಂಡನ ಅಣ್ಣನ ಮುಂದೆ ದನಿ ಎತ್ತುವವರಲ್ಲ. ಭಾವನವರೂ ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವವರಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನಮ್ಮಿಬ್ಬರ ನಡುವೆ ಪಡಸಾಲೆಯ ಕಂಬವೇ ಮಧ್ಯಸ್ಥ! ಅವರು ಕಂಬದ ಕಡೆ ತಿರುಗಿ, "ಒಂದು ಕಪ್ ಚಾ ಸಿಗತೈತೇನು?" ಅನ್ನುವರು. ನಾನೂ ಕಂಬಕ್ಕೇ, "ಹಾಲು ಇನ್ನೂ ಬಂದಿಲ್ಲಂತ" ಅನ್ನುವೆ. ಆ ಕಂಬಕ್ಕೆ ಬಾಯಿ ಬಂದಿದ್ದರೆ ನಮ್ಮಿಬ್ಬರನ್ನೂ ಬೈದು ಮನೆ ಬಿಟ್ಟು ಹೋಗುತ್ತಿತ್ತು!

ಇಂಥ ನಾನು ನಡುಬೀದಿಯಲ್ಲಿ ನಿಂತು ಭಾವನವರಿಗೆ "ಬರ್ಲಿ ಬರ್ಲಿ" ಅಂತ ಕೂಗುವುದೇ? ನಾಲಿಗೆ ಏಳಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಸ್ಟೀಲ್ ತಾಟು, ಒಂದು ಚಮಚ! ನಿಧಾನಕ್ಕೆ ಬಡಿದರೆ ಬರ್ಲಿ, ಜೋರಾಗಿ ಬಡಿದರೆ ನಿಲ್ಲು. ಕಂಬದ ಮೂಲಕ ಒಪ್ಪಂದವೂ ಆಯಿತು. ಆದರೆ ಒಂದು ಸಂಗತಿ ಇಬ್ಬರಿಗೂ ಹೊಳೆದಿರಲಿಲ್ಲ. ಬೆಳಗ್ಗೆ ಓಣಿಯ ನಾಯಿಗಳಿಗೆ ರೊಟ್ಟಿ ಹಾಕುವಾಗ ನಾನು ಅದೇ ತಾಟನ್ನೇ ಬಡಿಯುತ್ತಿದ್ದೆ!

ಮೊದಲ ದಿನವೇ ಠಣ್ ಅಂದೆ ನೋಡಿ, ಎಲ್ಲಿದ್ದವೋ ನಾಯಿಗಳು ಬಾಲ ಅಲ್ಲಾಡಿಸುತ್ತ ಕಾರಿನ ಹಿಂದೆಯೇ ಬಂದು ನಿಂತವು! ಅಯ್ಯೋ, ಗಾಲಿಗೆ ಸಿಕ್ಕಾವು ಎಂದು ಜೋರಾಗಿ ಬಡಿದೆ. ಜೋರಾಗಿ ಬಡಿದಷ್ಟೂ ಪಕ್ಕದ ಓಣಿಯ ನಾಯಿಗಳೂ ಬಂದವು! ಅವು ಬೊಗಳಿದ್ದಕ್ಕೆ ತಾಟಿನ ಸದ್ದು ದೊಡ್ಡಜ್ಜನಿಗೆ ಕೇಳಲೇ ಇಲ್ಲ. ನಾಯಿಗಳೇನೋ ಚುರುಕು, ಜಿಗಿದು ಪಾರಾದವು. ನಮ್ಮ ಬಟ್ಟೆ ಒಗೆಯುವ ಕಲ್ಲಿಗೆ ಜಿಗಿಯಲು ಬರುತ್ತದೆಯೇ? ಢಬ್! ಕಾರಿನ ಹಿಂದಿನ ಕೆಂಪು ದೀಪ ಪುಡಿಪುಡಿ.

ಆಗಲೇ ನೀವು ಬೇಸಗೆ ರಜೆಗೆ ಕೊಪ್ಪಳದಿಂದ ಬಂದಿದ್ದಿರಿ. ನಿಮ್ಮ ಅವ್ವ ಒಡೆದ ದೀಪ ನೋಡಿದಳು, ಅದರ ಪಕ್ಕದಲ್ಲೇ ಕುಂಟೆಬಿಲ್ಲೆ ಆಡುತ್ತಿದ್ದ ನಿಮ್ಮನ್ನು ನೋಡಿದಳು. ನನ್ನ ಮಗಳಾಗಿ ಅಷ್ಟು ಬಾಯಿ ಅವಳಿಗೆಲ್ಲಿಂದ ಬಂತೋ!

"ದೊಡ್ಡಪ್ಪಾ, ಹಿಂದ ಕ್ಯಾಮೆರಾ ಹಾಕಸ್ರಿ. ಅಲ್ಲಿ ತನಕ ನನ್ನ ಮಕ್ಕಳು ನಿಮ್ಮ ಕಾರ್ ಹತ್ತಂಗಿಲ್ಲ, ಕಾರಿನ ಸನೇಕೂ ಬರಂಗಿಲ್ಲ!"

"ಟ್ರಾಲಿ ಹಿಂದ ತಗೊಂಡಾಂವ ನಾನು! ಟಿವಿ ನೋಡ್ಕೊಂತ ಕಾರ್ ಹೊಡೀಲೇನವ್ವಾ? ಹಿಂದ ನೋಡಾಕ ಮನ್ಯಾಗ ಮನುಷ್ಯಾರಿಲ್ಲೇನು?"

"ಮನುಷ್ಯಾರು ತಾಟ್ ಬಡೀಲಿಕತ್ತಾರ, ನಾಯಿ ಬರಾಕತ್ತಾವ! ಇದೊಂದು ಸರ್ಕಸ್ ಆಗೇತಿ ದೊಡ್ಡಪ್ಪಾ."

ದೊಡ್ಡಜ್ಜ ಬಿಗಿದುಕೊಂಡು ಕುಳಿತರು. ಆದರೆ ಮಕ್ಕಳೇ, ನಿಮ್ಮಿಬ್ಬರನ್ನು ಕೂರಿಸಿಕೊಂಡು ಹಿಟ್ನಾಳದವರೆಗೆ ಹೋಗಿ ಕಬ್ಬಿನ ಹಾಲು ಕುಡಿಸಿ ತರುವುದಿದೆಯಲ್ಲ, ಅದಕ್ಕೆಂದೇ ಆ ಮನುಷ್ಯ ವರ್ಷವಿಡೀ ಕಾರು ತೊಳೆಯುತ್ತಾರೆ! ಆ ರಜೆಯಲ್ಲಿ ಕಾರು ಬಾಗಿಲಲ್ಲೇ ನಿಂತಿತು. ಚಿನ್ಮಯ ಕಿಟಕಿಯಿಂದ ಕಾರು ನೋಡುತ್ತಿದ್ದ, ದೊಡ್ಡಜ್ಜ ಕಟ್ಟೆಯಿಂದ ಚಿನ್ಮಯನನ್ನು ನೋಡುತ್ತಿದ್ದರು. ದೊಡ್ಡಜ್ಜನಿಗೆ ಊಟ ಸೇರಲಿಲ್ಲ. ಒಂದು ಮುಂಜಾನೆ ಎದ್ದು ಕಂಬಕ್ಕೆ, "ಗಂಗಾವತಿಗೆ ಹೊಂಟೀನಿ" ಎಂದು ಹೇಳಿ ಹೋದರು. ಸಂಜೆ ಕ್ಯಾಮೆರಾ ಹಾಕಿಸಿಕೊಂಡೇ ಬಂದರು!

ಓಣಿಗೆ ಓಣಿಯೇ ಕಾರಿನೊಳಗೆ ಇಣುಕಿತು. ಸ್ಟೇರಿಂಗ್ ಪಕ್ಕದಲ್ಲಿ ಅಂಗೈ ಅಗಲದ ಪರದೆ. ರಿವರ್ಸ್ ಹಾಕಿದರೆ ಸಾಕು, ಹಿಂದಿನ ರಸ್ತೆ, ಒಗೆಯುವ ಕಲ್ಲು, ನಾಯಿ, ಎಲ್ಲವೂ ಅದರಲ್ಲಿ! "ಏ, ನಾಯಿ ಬಾಲ ಸುದ್ದಾ ಕಾಣತೈತ್ಯೋ!" ಎಂದು ದೊಡ್ಡಜ್ಜ ಕೂಗಿದ ಕೂಗಿಗೆ ಆ ನಾಯಿಯೇ ಬೆದರಿ ಓಡಿತು. ಆ ದಿನ ಅವರು ಓಣಿಯಲ್ಲಿ ಹಿಂದಾಗಿ ಹೋಗುವುದು, ಮುಂದಾಗಿ ಬರುವುದು, ಮತ್ತೆ ಹಿಂದಾಗಿ ಹೋಗುವುದು! ಇನ್ನು ಕೊಪ್ಪಳಕ್ಕೂ ರಿವರ್ಸ್‌ನಲ್ಲೇ ಹೋಗುತ್ತಾರೇನೋ ಎಂದು ನನಗೆ ಭಯ.

ಮರುದಿನ ಬೆಳಗ್ಗೆ ನೋಡಿದರೆ ಪರದೆಯ ತುಂಬ ಬರೀ ಬಿಳಿ ಮಂಜು! ದೊಡ್ಡಜ್ಜ ಕೆಂಡವಾದರು. "ಮೋಸ ಮಾಡ್ಯಾನ ಮಗ!" ಎನ್ನುತ್ತ ಕಾರು ಹತ್ತಿ ಮತ್ತೆ ಗಂಗಾವತಿಗೆ ಹೋಗಿ, ಅಂಗಡಿಯವನನ್ನು ಎಲ್ಲರ ಮುಂದೆ ಝಾಡಿಸಿದರಂತೆ. ಅವನು ಪಾಪ ಹಿಂದೆ ಹೋಗಿ ನೋಡಿದ. ಬೆರಳಿನಿಂದ ಒಮ್ಮೆ ಒರೆಸಿದ. ಬೆರಳನ್ನು ಎತ್ತಿ ತೋರಿಸಿ ಕೇಳಿದ:

"ಯಜಮಾನ್ರ, ಇದನ್ನ ಹಚ್ಚಿದಾವರು ಯಾರ್ರೀ?"

ಇನ್ನಾರು? ಹೊಸ ವಸ್ತು ಮನೆಗೆ ಬಂದಿದೆ ಎಂದು ದೊಡ್ಡಜ್ಜನೇ ಬೆಳಗ್ಗೆ ಸ್ನಾನ ಮಾಡಿ, ಊದಿನಕಡ್ಡಿ ಬೆಳಗಿ, ಕ್ಯಾಮೆರಾದ ಕಣ್ಣಿಗೆ ಮೂರು ಬೆರಳಿನ ವಿಭೂತಿ ಬಳಿದಿದ್ದರು!

ಈಗ ನೀವು ಕೇಳಬಹುದು, ಅಜ್ಜಿ, ಕಾರಿಗೆ ಕ್ಯಾಮೆರಾ ಬೇಕೋ ಬೇಡವೋ? ಬೇಕು ಮಕ್ಕಳೇ, ಖಂಡಿತ ಬೇಕು. ಕಾರಿನ ಹಿಂದೆ ಮಕ್ಕಳು ಆಡುವ ಓಣಿಯಲ್ಲಂತೂ ಬೇಕೇ ಬೇಕು. ಆದರೆ ಅದು ಇನ್ನೇನೇನು ತೋರಿಸುತ್ತದೆ ಎಂದು ಅಂಗಡಿಯವನು ಹೇಳಿರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡಜ್ಜ ಕಾರು ಹೊರಡಿಸಿದರು. ನೀವಿಬ್ಬರೂ ಒಳಗೆ ಕುಳಿತು ಕುಣಿಯುತ್ತಿದ್ದಿರಿ. ನಾನು ರೂಢಿಯಂತೆ ತಾಟು ಹಿಡಿದು ಹಿಂದೆ ನಿಂತೆ. ಬಿಸಿಲಿಗೆ ನೆಲ ಕಾದಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ, ಮೊಣಕಾಲು ಹಿಡಿದುಕೊಂಡಿತ್ತು. ಒಂದು ಕೈ ಗೋಡೆಗೆ ಊರಿ, ಒಂದೊಂದೇ ಕಾಲು ಎತ್ತಿ ಇಡುತ್ತಿದ್ದೆ. ಕಾರು ಅಲುಗಲಿಲ್ಲ. ಏನಾಯಿತೋ ಎಂದು ಬಡಿದೆ, ಠಣ್ ಠಣ್. ಆಗಲೂ ಅಲುಗಲಿಲ್ಲ. ಇಂಜಿನ್ ನಿಂತಿತು. ದೊಡ್ಡಜ್ಜ ಇಳಿದು ಬಂದರು. ನಮ್ಮ ನಡುವೆ ಕಂಬ ಇರಲಿಲ್ಲ.

"ತಂಗೀ," ಅಂದರು. ಈ ಮನೆಗೆ ಬಂದು ಮುದುಕಿಯಾದ ಮೇಲೆ ಮೊದಲ ಸಲ ನನ್ನನ್ನು ನೋಡಿ ಆಡಿದ ಮಾತು ಅದು. "ಕಾಲು ಇಷ್ಟು ನೋಯತೈತಿ ಅಂತ ಹೇಳಬಾರದೇನವ್ವಾ? ತಮ್ಮ ಹೋದ ಮ್ಯಾಲೆ ಹಿಂದ ನಮ್ಮವರು ಯಾರರೆ ನಿಂತಾರ ಅಂದ್ರ ನನಗೊಂದು ಧೈರ್ಯ. ಅದಕ್ಕ ಕ್ಯಾಮೆರಾ ಬ್ಯಾಡ ಅಂತಿದ್ದೆ. ನೀ ಹೆಂಗ ನಿಂತೀ ಅಂತ ಇವತ್ತು ಆ ಪರದ್ಯಾಗ ನೋಡೂ ತನಕ ನನಗ ಕಂಡಿದ್ದೇ ಇಲ್ಲ."

ನಾನು ಸಾಲೆಯ ಹುಡುಗಿಯಂತೆ ನೆಲ ನೋಡುತ್ತ ನಿಂತೆ. ಅವರು ತಮ್ಮ ಚಪ್ಪಲಿ ಕಳಚಿ ನನ್ನ ಮುಂದಿಟ್ಟು, ಬರಿಗಾಲಲ್ಲೇ ಹೋಗಿ ಕಾರು ಹತ್ತಿದರು.

ಸಂಜೆ ನೀವು ಹಿಟ್ನಾಳದಿಂದ ಬರುವಾಗ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು, ನೆನಪಿದೆಯೇ? ಅದು ಈಗ ನಮ್ಮ ಕಟ್ಟೆಯ ನೆರಳಲ್ಲಿದೆ. ಕಾರು ಹೊರಡುವಾಗ ನಾನು ಅದರಲ್ಲಿ ಕೂರುತ್ತೇನೆ. ತಾಟು ನಾಯಿಗಳ ರೊಟ್ಟಿಗೆ ಮಾತ್ರ. ಪರದೆಯಲ್ಲಿ ನಾನು ಕಂಡ ಮೇಲೆಯೇ ಗಾಲಿ ತಿರುಗುತ್ತದೆ.

ಈ ಹಾಳೆಗಳನ್ನು ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಟ್ಟುಕೊಳ್ಳಿ. ಮರೆತೂ ಆ ಕಾರಿನಲ್ಲಿ ಬಿಟ್ಟುಬರಬೇಡಿ. ದೊಡ್ಡಜ್ಜ ಓದಿಬಿಟ್ಟರೆ, ನಾಳೆಯಿಂದ ನಮ್ಮಿಬ್ಬರಿಗೂ ಮತ್ತೆ ಆ ಕಂಬವೇ ಗತಿ!